ಸುಟ್ಟ ರೀಲಿಗೆ ಎಷ್ಟು ಕೈ ಬೇಕು?

ಎಲ್ಲರಿಗೂ ನಮಸ್ಕಾರ.

1993ರ ಜುಲೈನಲ್ಲಿ ಲಂಡನ್ನಿನ ಹೆಂಡರ್ಸನ್ ಫಿಲ್ಮ್ ಲ್ಯಾಬ್‌ಗೆ ಬೆಂಕಿ ಬಿತ್ತು. ಕೋಲ್ಕತ್ತಾದಿಂದ ಹೋಗಿದ್ದ ನಿರ್ದೇಶಕ ಸತ್ಯಜಿತ್ ರಾಯ್ ಅವರ ಸಿನಿಮಾಗಳ ನೆಗೆಟಿವ್‌ಗಳು ಆಗ ಅಲ್ಲಿದ್ದವು. ನೆಗೆಟಿವ್ ಅಂದರೆ ಕ್ಯಾಮೆರಾದಲ್ಲಿ ಓಡಿದ ಮೂಲ ಫಿಲ್ಮ್, ಪ್ರತಿಗಳೆಲ್ಲ ಹುಟ್ಟುವುದು ಅದರಿಂದಲೇ. 'ಪಥೇರ್ ಪಾಂಚಾಲಿ', 'ಅಪರಾಜಿತೋ', 'ಅಪುರ್ ಸಂಸಾರ್' ಮೂರರ ಮೂಲ ನೆಗೆಟಿವ್‌ಗೂ ಬೆಂಕಿ ತಗುಲಿತು. ರಾಯ್ ತೀರಿಕೊಂಡು ಒಂದು ವರ್ಷ ಚಿಲ್ಲರೆ ಆಗಿತ್ತಷ್ಟೆ.

ಉಳಿದದ್ದು ಅಂಚು ಕರಗಿ ಒಂದಕ್ಕೊಂದು ಅಂಟಿಕೊಂಡ ಸುರುಳಿಗಳು. ಆಸ್ಕರ್ ಕೊಡುವ ಅಮೆರಿಕದ ಅಕಾಡೆಮಿಯ ಫಿಲ್ಮ್ ಆರ್ಕೈವ್‌ನವರು ಅವನ್ನು ಎಸೆಯದೆ ಎತ್ತಿಟ್ಟರು. ಅವನ್ನು ರಿಪೇರಿ ಮಾಡುವ ದಾರಿ ಆಗ ಇರಲಿಲ್ಲ. ಸುಮ್ನೆ ಇಟ್ಟರು. ಈ ಕತೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವ ಭಾಗ ಇದೇ.

ಸುಮಾರು 20 ವರ್ಷದ ಮೇಲೆ ಹಳೇ ಸಿನಿಮಾಗಳನ್ನು ಡಿಸ್ಕ್ ಮೇಲೆ ಹೊರತರುವ ಕ್ರೈಟೀರಿಯನ್ ಸಂಸ್ಥೆ ಮತ್ತು ಅಕಾಡೆಮಿ ಸೇರಿ ಆ ರೀಲುಗಳನ್ನು ಇಟಲಿಯ ಬೊಲೊನ್ಯಾದಲ್ಲಿರುವ, ಹಳೇ ಫಿಲ್ಮ್ ರಿಪೇರಿ ಮಾಡುವ ಲಿಮ್ಮಾಜಿನೆ ರಿತ್ರೊವಾತಾ ಲ್ಯಾಬ್‌ಗೆ ಕಳಿಸಿದವು. ಮೊದಲ ಕೆಲಸ ರಸಾಯನದ್ದು. ಒಣಗಿ ಗರಿಗರಿಯಾದ ಫಿಲ್ಮ್ ಬಿಚ್ಚಲು ಹೋದರೆ ಹಪ್ಪಳದ ಹಾಗೆ ಮುರಿಯುತ್ತದೆ. ಅದಕ್ಕೆ ಮತ್ತೆ ತೇವ ಕೊಟ್ಟು ಮೆತ್ತಗೆ ಮಾಡಿದರು. ಆಮೇಲೆ ಕೈಕೆಲಸ. ಕರಗಿದ ಟೇಪು, ಅಂಟು, ಮೇಣ ಕೆರೆದು ತೆಗೆದರು. ಅಂಚಿನ ಹರಿದ ತೂತುಗಳನ್ನು ಹೊಸದಾಗಿ ಕಟ್ಟಿದರು. ಈ ಕೈಕೆಲಸಕ್ಕೇ ಹತ್ತಿರ ಹತ್ತಿರ 1000 ಗಂಟೆ ಹಿಡಿಯಿತು. ನಮ್ಮಲ್ಲಿ ಹರಿದ ರೇಷ್ಮೆ ಸೀರೆಗೆ ರಫೂ ಹಾಕುತ್ತಾರಲ್ಲ, ಅದೇ ತಾಳ್ಮೆ.

ಫಿಲ್ಮಿನ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸುವ ಸ್ಕ್ಯಾನರ್ ಬಂದದ್ದು ಇಷ್ಟೆಲ್ಲ ಆದ ಮೇಲೆ. ಅದರೊಳಗೆ ಫಿಲ್ಮ್ ದ್ರವದಲ್ಲಿ ನೆನೆದು ಹೋಗುತ್ತದೆ. ಕಡಪ ಕಲ್ಲಿನ ನೆಲಕ್ಕೆ ನೀರು ಚೆಲ್ಲಿ ನೋಡಿ, ಗೀರುಗಳು ಮಾಯ. ಇಲ್ಲೂ ದ್ರವ ಗೀರುಗಳೊಳಗೆ ತುಂಬಿಕೊಳ್ಳುತ್ತದೆ, ಬೆಳಕು ಚದುರದೆ ನೇರ ಹಾಯುತ್ತದೆ. ಕೊನೆಗೆ 'ಪಥೇರ್ ಪಾಂಚಾಲಿ'ಯ ಶೇ. 40ರಷ್ಟು, 'ಅಪರಾಜಿತೋ'ದ ಶೇ. 60ಕ್ಕಿಂತ ಹೆಚ್ಚು ಭಾಗ ಮೂಲ ನೆಗೆಟಿವ್‌ನಿಂದಲೇ ಸಿಕ್ಕಿತು. 'ಅಪುರ್ ಸಂಸಾರ್' ನೆಗೆಟಿವ್ ಮಾತ್ರ ಬಳಸಲಾಗದಷ್ಟು ಹಾಳಾಗಿತ್ತು. ಉಳಿದದ್ದನ್ನು ಬೇರೆ ಬೇರೆ ಆರ್ಕೈವ್‌ಗಳ ಪ್ರತಿಗಳಿಂದ ತುಂಬಿಕೊಂಡರು. 2015ರ ಮೇನಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಮೋಮಾದಲ್ಲಿ ಹೊಸ ಪ್ರತಿ ತೆರೆಗೆ ಬಂತು.

ಇನ್ನು ಕಂಪ್ಯೂಟರ್ ಮುಂದೆ ಕೂತವರ ಕೆಲಸ. ಸೆಕೆಂಡಿಗೆ 24 ಫ್ರೇಮ್. ಒಂದೂವರೆ ಗಂಟೆಯ ಸಿನಿಮಾ ಅಂದರೆ 1,29,600 ಚಿತ್ರ. ಸಾಫ್ಟ್‌ವೇರ್ ಧೂಳನ್ನು ಹುಡುಕಿ ಅಳಿಸುತ್ತದೆ, ನಿಜ. ಆದರೆ ಮಳೆಹನಿಯನ್ನೂ ಧೂಳು ಅಂದುಕೊಳ್ಳುತ್ತದೆ! ಫಿಲ್ಮಿನ ಸಹಜ ಕಣಗಳನ್ನು ಒರೆಸಿ ಮುಖಗಳನ್ನು ಮೇಣದ ಗೊಂಬೆ ಮಾಡಿಬಿಡುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನೋದಕ್ಕೆ ಸಿನಿಮಾ ಚರಿತ್ರೆ ಬಲ್ಲವರು ಪಕ್ಕದಲ್ಲಿ ಬೇಕು. ಧ್ವನಿಯದ್ದೂ ಇದೇ ಪಾಡು. ಕರಕರ ತೆಗೆಯುವ ಭರದಲ್ಲಿ ಜೀರುಂಡೆ ಸದ್ದೂ ಹೋಗಬಹುದು, ಅಲ್ವಾ?

ನಮ್ಮ 'ಘಟಶ್ರಾದ್ಧ' ಕೂಡ ಅದೇ ಬೊಲೊನ್ಯಾ ಲ್ಯಾಬ್ ಮೆಟ್ಟಿಲು ಹತ್ತಿತು. ಹಳೇ ಸಿನಿಮಾ ಉಳಿಸುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಕೈಜೋಡಿಸಿದವು. ನೆಗೆಟಿವ್ ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ನಲ್ಲಿ ಉಳಿದಿತ್ತು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಹೊಸ ಪ್ರತಿ ತೋರಿಸಿದರು. ಛಾಯಾಗ್ರಾಹಕ ಎಸ್. ರಾಮಚಂದ್ರ ಅಷ್ಟರಲ್ಲಿ ಇರಲಿಲ್ಲ. ನಿರ್ದೇಶಕ ಗಿರೀಶ್ ಕಾಸರವಳ್ಳಿ ಇದ್ದರು, ಈ ಕೆಲಸದಲ್ಲಿ ಜೊತೆಗೂ ನಿಂತರು. 1977ರ ಕಪ್ಪುಬಿಳುಪು ಚಿತ್ರದಲ್ಲಿ ಕತ್ತಲೆ ಎಷ್ಟು ಕತ್ತಲೆಯಾಗಿರಬೇಕು ಅಂತ ಯಂತ್ರವನ್ನು ಕೇಳಿ ಪ್ರಯೋಜನವಿಲ್ಲ.

1934ರ 'ಸತಿ ಸುಲೋಚನಾ'ಗೆ ಈ ಭಾಗ್ಯ ಬರಲಿಲ್ಲ. ಕನ್ನಡದ ಮೊದಲ ಟಾಕಿಯ ಒಂದು ಪ್ರತಿಯೂ ಸಿಕ್ಕಿಲ್ಲ. ಆಸೆ ಬಿಡೋದು ಬೇಡ ಅಂತ ನನ್ನ ಹಟ. ನಿಮ್ಮ ಅಟ್ಟದಲ್ಲಿ, ಹಳೇ ಟಾಕೀಸಿನ ಗೋಡೌನಿನಲ್ಲಿ ತುಕ್ಕು ಹಿಡಿದ ಡಬ್ಬಿ ಸಿಕ್ಕರೆ ರೀಲು ಎಳೆದು ನೋಡಬೇಡಿ. ಬಿಸಿಲಿಗೆ ಇಡಬೇಡಿ. ವಿನೆಗರ್ ವಾಸನೆ ಬಂದರೆ ಫಿಲ್ಮ್ ಕೊಳೆಯುತ್ತಿದೆ ಎಂದರ್ಥ, ಬೇರೆ ರೀಲುಗಳಿಂದ ದೂರ ಇಡಿ. 1950ಕ್ಕಿಂತ ಹಿಂದಿನದಾದರೆ ಅದು ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮ್ ಇರಬಹುದು. ಹತ್ತಿರ ಬೀಡಿ, ದೀಪ ಏನೂ ಬೇಡ. ಡಬ್ಬಿಯ ಮೇಲೆ ಬರೆದದ್ದರ ಫೋಟೋ ತೆಗೆದು ಪುಣೆಯ ಆರ್ಕೈವ್‌ಗೆ ಕಳಿಸಿ.