ಕಾಫಿ ಜರಡಿಯಲ್ಲಿ ಇಫ್, ಎಲಿಫ್, ಎಲ್ಸ್

ನಮಸ್ಕಾರ, ಇವತ್ತು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿ ಕಾಳನ್ನು ಸಿಪ್ಪೆ ತೆಗೆದು ವಿಂಗಡಿಸುವ ಕಡೆ ಇದ್ದೀನಿ. ಈ ಜರಡಿಗಳನ್ನು ನೋಡಿ. ಮೇಲಿನದಕ್ಕೆ ದೊಡ್ಡ ತೂತು, ಕೆಳಗೆ ಹೋದ ಹಾಗೆ ಸಣ್ಣದು. 7.1 ಮಿಲಿಮೀಟರ್ ಜರಡಿಯಲ್ಲಿ ನಿಂತ ಕಾಳು ಎಎ ಗ್ರೇಡ್. 6.65ರಲ್ಲಿ ನಿಂತದ್ದು ಎ. 6ರಲ್ಲಿ ಬಿ.

ಜೊತೆಗೆ ತಂಗಿ ಬಂದಿದ್ದಾಳೆ. ಈಗಷ್ಟೇ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದಾಳೆ. ದಾರಿಯಲ್ಲಿ ಕೇಳಿದಳು: "ಅಕ್ಕಾ, ಎಲಿಫ್ ಯಾಕೆ ಬೇಕು? ಎಲ್ಲಾ ಕಡೆ ಇಫ್ ಅಂತಲೇ ಬರೆದರೆ ಆಗಲ್ವಾ?"

ತುಂಬಾ ಒಳ್ಳೆಯ ಪ್ರಶ್ನೆ. ಇಫ್ ಅಂದರೆ 'ಹೀಗಿದ್ದರೆ', ಎಲಿಫ್ ಅಂದರೆ 'ಅದಲ್ಲದೆ ಹೀಗಿದ್ದರೆ', ಎಲ್ಸ್ ಅಂದರೆ 'ಯಾವುದೂ ಅಲ್ಲದಿದ್ದರೆ'. ಕಾಳಿಗೆ ಗ್ರೇಡ್ ಕೊಡುವ ಪ್ರೋಗ್ರಾಂ ಅನ್ನು ಬರೀ ಇಫ್‌ನಲ್ಲೇ ಬರೆದು ನೋಡೋಣ. 7.3 ಮಿಲಿಮೀಟರ್‌ನ ಒಂದು ಕಾಳು. ಮೊದಲ ಇಫ್: 7.1 ಅಥವಾ ಹೆಚ್ಚಾ? ಹೌದು, ಗ್ರೇಡ್ ಎಎ. ಎರಡನೇ ಇಫ್: 6.65 ಅಥವಾ ಹೆಚ್ಚಾ? ಅದೂ ಹೌದು, ಗ್ರೇಡ್ ಎ ಆಯಿತು. ಮೂರನೆಯದು: 6 ಅಥವಾ ಹೆಚ್ಚಾ? ಹೌದು. ಕೊನೆಗೆ ಉಳಿದದ್ದು ಬಿ! ಅಷ್ಟು ದಪ್ಪ ಕಾಳು ಬಿ ಮೂಟೆಗೆ ಹೋಯಿತು. ಪ್ರೋಗ್ರಾಂ ಮಾತ್ರ ಯಾವ ಎರರ್ ಕೂಡ ತೋರಿಸಲಿಲ್ಲ. ಹೊಸಬರು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಇಂಥ ಕಡೆಯೇ.

ಎಲಿಫ್ ಹಾಕಿದರೆ, ಒಂದು ಕಡೆ ಹೌದು ಅಂತ ಬಂದ ಕೂಡಲೇ ಉಳಿದ ಪ್ರಶ್ನೆಗಳನ್ನು ಕೇಳುವುದೇ ಇಲ್ಲ. ಕಾಳು ಮೇಲಿನ ಜರಡಿಯಲ್ಲೇ ನಿಂತುಬಿಡುತ್ತದೆ, ಅಲ್ವಾ? ಅದಕ್ಕೇ ಎರಡನೇ ಸಾಲಿನಲ್ಲಿ '7.1ಕ್ಕಿಂತ ಕಡಿಮೆ' ಅಂತ ಮತ್ತೆ ಬರೆಯಬೇಕಿಲ್ಲ. ಅಲ್ಲಿಗೆ ಇಳಿದು ಬಂದಿದೆ ಅಂದರೆ ಕಡಿಮೆಯೇ. ಸಿ, ಜಾವಾ ಭಾಷೆಗಳಲ್ಲಿ ಇದನ್ನು ಎಲ್ಸ್ ಇಫ್ ಅಂತ ಬರೆಯುತ್ತಾರೆ, ಕೆಲಸ ಅದೇ.

ಆದರೆ ಸುಮ್ನೆ ಎಲಿಫ್ ಹಾಕಿದರೆ ಸಾಲದು. ಸಾಲುಗಳ ಕ್ರಮ ನೋಡಿಕೊಳ್ಳಿ. 6ರ ಜರಡಿಯನ್ನು ಎಲ್ಲಕ್ಕಿಂತ ಮೇಲೆ ಇಟ್ಟರೆ ಎಎ, ಎ, ಬಿ ಎಲ್ಲವೂ ಅಲ್ಲೇ ನಿಲ್ಲುತ್ತವೆ. ಕೆಳಗಿನ ಎರಡು ಜರಡಿಗೆ ಅವು ಬರುವುದೇ ಇಲ್ಲ. ಕೋಡ್‌ನಲ್ಲೂ ಅಷ್ಟೇ. ಕೆಳಗಿನ ಸಾಲುಗಳು ಇದ್ದೂ ಇಲ್ಲದ ಹಾಗೆ.

ಕೊನೆಯದು ಎಲ್ಸ್. ಅದು ಪ್ರಶ್ನೆ ಕೇಳುವುದಿಲ್ಲ, ಬಂದದ್ದನ್ನೆಲ್ಲಾ ತೆಗೆದುಕೊಳ್ಳುತ್ತದೆ. ತಂಗಿ ಅಲ್ಲಿ 'ಸಿ ಗ್ರೇಡ್' ಅಂತ ಬರೆದಿದ್ದಳು. ಅಳತೆ ಮೈನಸ್ 5 ಅಂತ ಕೊಟ್ಟೆವು. ಅದೂ ಸಿ ಗ್ರೇಡ್! ಇನ್ನು ಪಿಬಿ, ಅಂದರೆ ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಗುಂಡು ಕಾಳು. ಅದನ್ನು ಬೇರೆ ಮಾಡುವುದು ಆಕಾರ ನೋಡಿ. ಹಾಗಾಗಿ ಕೋಡ್‌ನಲ್ಲಿ ಆ ಪ್ರಶ್ನೆಯೂ ಗಾತ್ರಕ್ಕಿಂತ ಮುಂಚೆ ಬರಬೇಕು.

ಈಗ ಅವಳು ಮೇಲೆ ಎರಡು ಸಾಲು ಸೇರಿಸುತ್ತಿದ್ದಾಳೆ. ಇಫ್, ಅಳತೆ ಸೊನ್ನೆ ಅಥವಾ ಕಡಿಮೆ ಇದ್ದರೆ, 'ಮತ್ತೆ ಅಳೆಯಿರಿ'. ಎಲಿಫ್, ಗುಂಡು ಕಾಳಾದರೆ, ಪಿಬಿ. ಆಮೇಲೆ ನಮ್ಮ 7.1. ಆ ಸಾಲೂ ಈಗ ಎಲಿಫ್.