ಅಕೌಸ್ಟಿಕ್ ಗಿಟಾರ್‌ಗೆ ಕಡಿಮೆ ಬೆಲೆಯ ಆಂಪ್: ವಾಟ್ ಆಮೇಲೆ, ಮೊದಲು ಪಿಕಪ್ ನೋಡಿ

ನಮಸ್ಕಾರ ರೀ ಎಲ್ಲರಿಗೂ, ಬೆಳಗಾವಿಯಿಂದ ಮಾತಾಡುತ್ತಿದ್ದೇನೆ. ಅಕೌಸ್ಟಿಕ್ ಗಿಟಾರ್‌ಗೆ ಆಂಪ್ ತಗೋಬೇಕು ಅನ್ನುವವರು ಮೊದಲು ಕೇಳುವುದು ಒಂದೇ, ಎಷ್ಟು ವಾಟ್ ಇರಬೇಕು ಅಂತ. ವಾಟ್ ಸದ್ಯ ಪಕ್ಕಕ್ಕಿಡಿ. ನಿಮ್ಮ ಗಿಟಾರ್ ಎತ್ತಿ ನೋಡಿ, ಕೇಬಲ್ ಸಿಕ್ಕಿಸುವ ಜಾಕ್ ಇದೆಯಾ?

[ದೃಶ್ಯ: ಗಿಟಾರಿನ ತಳ, ಜಾಕ್ ಹತ್ತಿರದಿಂದ]

ಇಲ್ಲ ಅಂದರೆ ಮೊದಲು ಪಿಕಪ್ಪಿಗೆ, ಅಂದರೆ ಗಿಟಾರಿನ ಸದ್ದು ಹಿಡಿದು ಕೇಬಲ್‌ಗೆ ಕೊಡುವ ಸಾಧನಕ್ಕೆ, ದುಡ್ಡು ತೆಗೆದಿಡಿ. ಕೆಲವು ನೂರು ರೂಪಾಯಿಗೆ ಗಿಟಾರ್ ಮೈಗೆ ಅಂಟಿಸುವ, ನಡುಕ ಹಿಡಿಯುವ ಪಿಯೆಝೋ ಪಿಕಪ್ ಸಿಗುತ್ತದೆ. ಮನೆಯಲ್ಲಿ ಕಲಿಯೋಕೆ ಸಾಕು, ಆದರೆ ಕೈ ತಾಗಿದ ಸದ್ದೂ ಅದರಲ್ಲಿ ಕೇಳುತ್ತದೆ. ಸೌಂಡ್‌ಹೋಲ್‌ಗೆ (ಗಿಟಾರಿನ ಎದುರಿನ ದುಂಡು ತೂತಿಗೆ) ಸಿಕ್ಕಿಸುವ ಮ್ಯಾಗ್ನೆಟಿಕ್ ಪಿಕಪ್‌ಗೆ ಇನ್ನೂ ಜಾಸ್ತಿ ದುಡ್ಡು, ಸ್ಟೇಜ್ ಮೇಲೆ ಅದೇ ವಾಸಿ. ನೈಲಾನ್ ತಂತಿ ಇದ್ದರೆ ಮಾತ್ರ ಅದನ್ನು ತರಬೇಡಿ, ಕೆಲಸ ಮಾಡುವುದಿಲ್ಲ.

ಜಾಕ್ ಇದ್ದರೆ ಇನ್ನೊಂದು ನೋಡಿ. ಗಿಟಾರಿನ ಪಕ್ಕೆಯಲ್ಲಿ ವಾಲ್ಯೂಮ್, ಬಾಸ್, ಟ್ರೆಬಲ್ ನಾಬ್ ಇದ್ದು, 9 ವೋಲ್ಟ್ ಬ್ಯಾಟರಿ ಹಾಕುವ ಜಾಗ ಇದ್ದರೆ ಒಳಗೆ ಪ್ರಿಆಂಪ್, ಅಂದರೆ ಪಿಕಪ್ಪಿನ ಸಿಗ್ನಲ್ಲಿಗೆ ಬಲ ಕೊಡುವ ಸರ್ಕ್ಯೂಟ್, ಇದೆ ಅಂತ ಅರ್ಥ. ಇದು ಭಾಳ ಮುಖ್ಯ. ಸ್ಯಾಡಲ್ (ತಂತಿಗಳು ಕೂರುವ ಪಟ್ಟಿ) ಕೆಳಗಿನ ಪಿಯೆಝೋಗೆ ಸುಮಾರು 1 ಮೆಗಾಓಮ್ ಅಥವಾ ಅದಕ್ಕಿಂತ ಜಾಸ್ತಿ ಇಂಪೀಡೆನ್ಸ್ (ಸಿಗ್ನಲ್ಲಿಗೆ ಒಡ್ಡುವ ತಡೆ) ಇರುವ ಇನ್‌ಪುಟ್ ಬೇಕು, ಮನೆಯ ಹೋಮ್ ಥಿಯೇಟರಿನ ಆಕ್ಸ್ ಇನ್‌ಪುಟ್ ಅದರ ಹತ್ತಿರಕ್ಕೂ ಬರುವುದಿಲ್ಲ. ಹಂಗಾಗಿ ಪ್ರಿಆಂಪ್ ಇಲ್ಲದ ಪಿಯೆಝೋವನ್ನು ನೇರ ಅಲ್ಲಿ ಸಿಕ್ಕಿಸಿದರೆ ಬಾಸ್ ಎಲ್ಲ ಹೋಗಿ ಖಾಲಿ ಡಬ್ಬಿ ಬಡಿದ ಹಾಗೆ ಕೇಳುತ್ತದೆ, ನಾವು ಗಿಟಾರ್‌ಗೆ ಬೈಯುತ್ತೇವೆ, ಪಾಪ ಅದರದ್ದೇನೂ ತಪ್ಪಿಲ್ಲ. ಪ್ರಿಆಂಪ್ ಇದ್ದರೆ ಈ ತಲೆನೋವು ಇಲ್ಲ. ಆಗ ಯಾರದ್ದಾದರೂ ಹಳೆಯ ಕೀಬೋರ್ಡ್ ಆಂಪ್ ಸಿಕ್ಕರೂ ಧೈರ್ಯವಾಗಿ ತಗೊಳ್ಳಿ, ನನ್ನ ಪ್ರಕಾರ ಕಡಿಮೆ ದುಡ್ಡಿಗೆ ಅದಕ್ಕಿಂತ ಒಳ್ಳೆ ದಾರಿ ಇಲ್ಲ. ಹಾಂ, ನುಡಿಸಿದ ಮೇಲೆ ಗಿಟಾರಿನಿಂದ ಕೇಬಲ್ ತೆಗೆಯಿರಿ. ಸಿಕ್ಕಿಸಿಯೇ ಬಿಟ್ಟರೆ ಆ ಬ್ಯಾಟರಿ ಸುಮ್ನೆ ಖಾಲಿಯಾಗುತ್ತಾ ಇರುತ್ತದೆ.

ಅಣ್ಣನ ಎಲೆಕ್ಟ್ರಿಕ್ ಗಿಟಾರ್ ಆಂಪ್ ಮನೆಯಲ್ಲೇ ಇದೆ, ಅದು ಆಗಲ್ವಾ? ಸದ್ದು ಬರುತ್ತದೆ, ಅಷ್ಟೇ. ಅದರಲ್ಲಿ ಟ್ವೀಟರ್, ಅಂದರೆ ತೀಕ್ಷ್ಣ ಸದ್ದಿಗೆಂದೇ ಇರುವ ಚಿಕ್ಕ ಸ್ಪೀಕರ್, ಇರುವುದಿಲ್ಲ, ಸುಮಾರು 5 ಕಿಲೋಹರ್ಟ್ಜ್ ದಾಟಿದರೆ ಸ್ಪೀಕರ್ ಕೈಬಿಡುತ್ತದೆ, ಅಕೌಸ್ಟಿಕ್ ತಂತಿಯ ಝಣಝಣ ಎಲ್ಲ ಅಲ್ಲೇ ಮುಚ್ಚಿಹೋಗುತ್ತದೆ.

[ತೆರೆಯ ಮೇಲೆ: 15 ವಾಟ್, 30 ವಾಟ್, 60 ವಾಟ್]

ಈಗ ವಾಟ್‌ಗೆ ಬರೋಣ. 30 ವಾಟ್ ಆಂಪ್ 15 ವಾಟಿನದಕ್ಕಿಂತ ಎರಡರಷ್ಟು ಜೋರಾಗಿ ಕೇಳುತ್ತದೆ ಅಂದುಕೊಂಡಿದ್ದರೆ, ಇಲ್ಲ. ವಾಟ್ ಡಬಲ್ ಆದರೆ ಹೆಚ್ಚುವುದು ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಅನ್ನಿಸಲು ಸುಮಾರು 10 ಪಟ್ಟು ವಾಟ್ ಬೇಕು. ಟಿಳಕವಾಡಿಯ ಬಾಡಿಗೆ ರೂಮಿಗೆ 15 ವಾಟ್ ಧಾರಾಳ, ಓನರ್ ಬಂದು ಬಾಗಿಲು ಬಡಿಯಲು ಅರ್ಧ ವಾಲ್ಯೂಮ್ ಸಾಕು. ಕೆಫೆಯಲ್ಲಿ ಹಾಡುತ್ತಾ ನುಡಿಸುವವರು, ನಮ್ಮ ಕ್ಯಾಂಪ್ ಏರಿಯಾದ ಚರ್ಚಿನಲ್ಲಿ ಕಾಯರ್ ಜೊತೆ ಕೂರುವವರು 40ರಿಂದ 60 ವಾಟ್ ನೋಡಿ. ಕುಮಾರ ಗಂಧರ್ವ ರಂಗಮಂದಿರದಂಥ ಕಡೆ ಕಾರ್ಯಕ್ರಮ ಸಿಕ್ಕರೆ ಹಾಲ್ ತುಂಬಿಸುವುದು ಸೌಂಡ್ ಸಿಸ್ಟಮ್ ಕೆಲಸ, ನಿಮ್ಮ ಆಂಪಿನದಲ್ಲ. ಆಂಪಿನಲ್ಲಿ ಡಿಐ ಔಟ್ (ಸೌಂಡ್ ಸಿಸ್ಟಮ್‌ಗೆ ಸಿಗ್ನಲ್ ಕೊಡುವ ಜಾಕ್) ಇದ್ದರೆ ಅಲ್ಲಿಂದ ಮಿಕ್ಸರ್‌ಗೆ ಒಂದು ಕೇಬಲ್ ಕೊಡಿ, ಆಂಪ್ ನಿಮಗೆ ಕೇಳಿಸಿದರೆ ಸಾಕು.

ಹಾಡುವವರಿಗೆ ಮೈಕ್ ಇನ್‌ಪುಟ್ ಬೇಕೇ ಬೇಕು. ಫೆಂಡರ್ ಅಕೌಸ್ಟಾಸೋನಿಕ್ 15 ಚಿಕ್ಕದು, 15 ವಾಟ್, ಆದರೂ ಮೈಕ್‌ಗೆ ಜಾಗ ಇದೆ. ಫಿಶ್‌ಮನ್ ಲೌಡ್‌ಬಾಕ್ಸ್ ಮೈಕ್ರೋ 40 ವಾಟ್, ಲೌಡ್‌ಬಾಕ್ಸ್ ಮಿನಿ 60 ವಾಟ್, ಎರಡರಲ್ಲೂ ಎರಡೆರಡು ಚಾನೆಲ್, ಗಿಟಾರಿಗೊಂದು, ಮೈಕ್‌ಗೊಂದು. ಹೊಸದಕ್ಕೆ ಬೆಲೆ ಜಾಸ್ತಿಯೇ, ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ. ಕರೆಂಟ್ ನಂಬದವರಿಗೆ ರೋಲ್ಯಾಂಡ್ ಎಸಿ-33 ಇದೆ, 8 ಡಬಲ್ ಎ ಸೆಲ್ ಹಾಕಿದರೆ ನಡೆಯುತ್ತದೆ. ಅಮೆರಿಕದಿಂದ ಮಾವ ತಂದುಕೊಡುತ್ತಾರೆ ಅಂತ ಖುಷಿಪಡುವ ಮೊದಲು ಹಿಂದಿನ ಲೇಬಲ್ ಓದಿ. ಬರೀ 120 ವೋಲ್ಟ್ ಅಂತ ಇದ್ದು, ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ.

ಇನ್ನು ಆ ಗುಂಯ್ ಅನ್ನುವ ಸದ್ದು, ಫೀಡ್‌ಬ್ಯಾಕ್. ಸ್ಪೀಕರಿನ ಸದ್ದಿಗೆ ಗಿಟಾರಿನ ಮೈಯೇ ನಡುಗಿ, ಆ ನಡುಕ ಮತ್ತೆ ಪಿಕಪ್ಪಿಗೆ ಹೋಗಿ ಸುತ್ತುತ್ತಾ ಬೆಳೆಯುತ್ತದೆ. ಆಂಪಿನ ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ಸರಿಯಿರಿ. ಬಾಸ್ ಸ್ವಲ್ಪ ಇಳಿಸಿ. ಸಿಗ್ನಲ್ಲನ್ನು ತಿರುಗುಮುರುಗು ಮಾಡುವ ಫೇಸ್ ಬಟನ್ ಇದ್ದರೆ ಒತ್ತಿ ನೋಡಿ, ಸೌಂಡ್‌ಹೋಲ್‌ಗೆ ರಬ್ಬರ್ ಮುಚ್ಚಳ ಹಾಕಿದರಂತೂ ಅರ್ಧ ಕಾಟ ಹೋಗುತ್ತದೆ.

ಅಂಗಡಿಗೆ ಹೋಗುವಾಗ ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ಒಯ್ಯಿರಿ. ಎಲ್ಲ ನಾಬ್ ನಡುವೆ ಇಟ್ಟು, ರಿವರ್ಬ್ (ದೊಡ್ಡ ಹಾಲಿನಂಥ ಗುಂಗು ಕೊಡುವ ನಾಬ್) ಮಾತ್ರ ಪೂರ್ತಿ ಇಳಿಸಿ ನುಡಿಸಿ. ರಿವರ್ಬ್ ಇದ್ದರೆ ಎಂಥ ಆಂಪೂ ಚೆನ್ನಾಗಿಯೇ ಕೇಳುತ್ತದೆ, ಅಂಗಡಿಯವರಿಗೂ ಅದು ಗೊತ್ತು. ಹಳೆಯ ಆಂಪ್ ಆದರೆ ಒಂದೊಂದೇ ನಾಬ್ ತಿರುಗಿಸಿ ಕರಕರ ಬರುತ್ತಾ ಕೇಳಿ. ಸಿಕ್ಕಿಸಿ ನೋಡಲು ಬಿಡದಿದ್ದರೆ ಪಕ್ಕದ ಅಂಗಡಿಗೆ ನಡೆಯಿರಿ.