ಹಳೆಯ ಗೇಣಿಚೀಟಿಯ ಅಕ್ಷರಗಳು

ಕೇಳುಗರಿಗೆ ನಮಸ್ಕಾರ.

ಕುಂಬಳೆ, ಮಂಜೇಶ್ವರ, ಬದಿಯಡ್ಕದ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಕಾಯಂ ಗೇಣಿಯ ಕರಾರಾದ ಮೂಲಗೇಣಿ ಚೀಟಿ, ಅಡವುಪತ್ರ, ಪಾಲುಪಟ್ಟಿಗಳ ಕಟ್ಟುಗಳು ಇಂದಿಗೂ ಉಳಿದಿವೆ. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುದರಿಂದ ಇಂತಹ ಪತ್ರಗಳನ್ನು ಕನ್ನಡದಲ್ಲಿ ಬರೆಯುವ ರೂಢಿಯಿತ್ತು. ಕನ್ನಡ ಕಲಿತ ಮನೆಮಕ್ಕಳೇ ಅವುಗಳನ್ನು ಓದಲಾರದೆ ಮತ್ತೆ ಕಟ್ಟಿಡುವುದನ್ನು ಕಂಡಾಗ ನನಗೆ ಬಹಳ ನೋವಾಗುತ್ತದೆ.

ಆ ಬರಹದಲ್ಲಿ ಪದಗಳ ನಡುವೆ ತೆರಪಿರುವುದಿಲ್ಲ. ಎಕಾರ, ಒಕಾರಗಳ ಹ್ರಸ್ವ ದೀರ್ಘಗಳನ್ನು ಬೇರೆ ಮಾಡಿ ತೋರಿಸುವ ವಾಡಿಕೆಯೂ ಕಡಿಮೆ. ನಮ್ಮ ಮನೆಯ ಒಂದು ಚೀಟಿಯಲ್ಲಿ ವ, ಷ, ಬಳಿಕ ಕನ್ನಡದ ಒಂಬತ್ತನ್ನು ಹೋಲುವ ಸುರುಳಿ, ಅದಕ್ಕೆ ತಾಗಿಕೊಂಡೇ ಒಂದು ಎಂಬ ಅಂಕೆ, ಆಮೇಲೆ ‘ಕ್ಕೆ’ ಎಂದಿತ್ತು. ನಾನು ಅದನ್ನು ‘ತೊಂಬತ್ತೊಂದಕ್ಕೆ’ ಎಂದೇ ಓದಿ, ವಾರಗಟ್ಟಲೆ ಅರ್ಥಕ್ಕಾಗಿ ತಡಕಾಡಿದೆ. ಮೇಲಿನ ಸಾಲಿನ ‘ಸರ್ವಜಿತು ಸಂವತ್ಸರ’ದಲ್ಲಿಯೂ ಅದೇ ಸುರುಳಿ ಕಂಡ ದಿನ ಅದು ಅರ್ಕಾವತ್ತು, ಅಂದರೆ ಅಕ್ಷರದ ಮುಂದೆ ಬರೆದು ಅದಕ್ಕಿಂತ ಮೊದಲು ಉಚ್ಚರಿಸುವ ‘ರ್’ ಎಂದು ತಿಳಿಯಿತು. ಬರೆದದ್ದು ‘ವರ್ಷ ಒಂದಕ್ಕೆ ಗೇಣಿ ಅಕ್ಕಿ ಮುಡಿ ಹನ್ನೆರಡು’ ಎಂದು. ಮುಡಿ ಎಂದರೆ ಅಕ್ಕಿಯ ಒಂದು ಅಳತೆ. ಹೀಗೆ ಸಂವತ್ಸರ, ಮಾಸ, ‘ಬರೆಸಿಕೊಟ್ಟ’ ಮುಂತಾದ ಪರಿಚಿತ ಮಾತುಗಳಿಂದ ಆ ಕೈಬರಹದ್ದೇ ಒಂದು ಅಕ್ಷರಮಾಲೆಯನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡರೆ, ತೊಡಕಿನ ಅಕ್ಷರವನ್ನು ಊಹಿಸುವ ಮೊದಲು ಅದರೊಡನೆ ಹೋಲಿಸಿ ನೋಡಬಹುದು.

ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುತ್ತವೆ. ಸರ್ವಜಿತು ಎಂದರೆ 1887 ಆಗಬಹುದು, 1947 ಆಗಬಹುದು. ಶಕವರ್ಷವನ್ನೂ ಬರೆದಿದ್ದರೆ, ಇಸವಿ ತಿಳಿಯಲು ಅದಕ್ಕೆ 78 ಕೂಡಿಸಬೇಕು. ವರ್ಷದ ಕೊನೆಯ ತಿಂಗಳುಗಳಾದರೆ 79. ಬರೆಯದಿದ್ದರೆ ಛಾಪಾಕಾಗದದ ಮುದ್ರೆಯಲ್ಲಿರುವ ಮುಖ ವಿಕ್ಟೋರಿಯಾ ರಾಣಿಯದೋ ಆರನೆಯ ಜಾರ್ಜ್ ದೊರೆಯದೋ ಎಂದು ನೋಡಬೇಕು.

ಅಕ್ಷರ ಸರಿಯಾಗಿ ಓದಿದ ಮೇಲೂ ಸಂಬಂಧವಾಚಕಗಳಲ್ಲಿ ಎಡವುವುದುಂಟು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುವ ಅಳಿಯಸಂತಾನದ ಕುಟುಂಬಗಳ ಪತ್ರಗಳಲ್ಲಿ ಯಜಮಾನನ ತರುವಾಯ ‘ಅಳಿಯ’ ಎಂದು ಬರುವವನು ಸಾಮಾನ್ಯವಾಗಿ ಅಕ್ಕತಂಗಿಯರ ಮಗ. ನನ್ನ ಪರಿಚಯದ ಒಂದು ಮನೆಯ ವಂಶವೃಕ್ಷದಲ್ಲಿ ಅಂತಹ ಒಬ್ಬರನ್ನು ಯಜಮಾನರ ಮಗಳ ಗಂಡನೆಂದು ಬರೆದಿದ್ದರು. ಪತ್ರವನ್ನು ಮತ್ತೆ ಓದಿ, ಆ ಗೆರೆಯನ್ನು ಅಳಿಸಿ, ಅವರನ್ನು ಯಜಮಾನರ ತಂಗಿಯ ಕೆಳಗೆ ಬರೆದೆವು. ಆ ತಂಗಿಯ ಹೆಸರು ವಂಶವೃಕ್ಷದಲ್ಲಿ ಎಲ್ಲಿಯೂ ಇರಲಿಲ್ಲ. ಅದೇ ಪತ್ರದ ಮಡಿಕೆಯಲ್ಲಿ ಮಾಸಿಹೋಗಿತ್ತು. ಅದರ ನಾಲ್ಕು ಅಕ್ಷರಗಳಲ್ಲಿ ಮೂರನ್ನು ಓದಿದ್ದೇವೆ. ನಾಲ್ಕನೆಯದರ ಜಾಗವನ್ನು ಈಗಲೂ ಖಾಲಿ ಬಿಟ್ಟಿದ್ದೇವೆ.